ಅಂದಾಜಿನಲ್ಲಿ ಇಲ್ಲದ ಸಾಲು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಪಾಲಿಶ್ ಪೇಪರ್ ಹಿಡಿದು ದುಡಿಯುವ ಎಲ್ಲರಿಗೂ – ಬಡಿಗತನದ ಮಿಸ್ತ್ರಿಗಳಿಗೆ, ಫರ್ನಿಚರ್ ಅಂಗಡಿಯ ಹುಡುಗರಿಗೆ, ಗೋಡೆಗೆ ಪುಟ್ಟಿ ತಿಕ್ಕುವ ಪೇಂಟರ್‌ಗಳಿಗೆ, ಕಬ್ಬಿನ ಟ್ರೇಲರ್‌ಗೆ ಗ್ರೈಂಡರ್ ಹಚ್ಚುವ ವೆಲ್ಡಿಂಗ್ ಅಂಗಡಿಯವರಿಗೆ, ಗ್ರಾನೈಟ್ ಹಾಸುವವರಿಗೆ, ಗೋಕಾಕದ ಗೊಂಬೆ ಮಾಡುವ ಜೀನಗಾರ ಮನೆತನಗಳಿಗೆ,



ಖಂಡೇನವಮಿಯ ದಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಒಂದು ಅಗಲವಾದ ಹಲಗೆ ಹಾಕುತ್ತಿದ್ದ. ಅದರ ಮೇಲೆ ಬಾಚಿ, ಕರಗಸ, ಉಳಿ, ರಂದಾ, ಕಾನಸ, ಮೂಲೆಮಟ್ಟ ಎಲ್ಲ ಸಾಲಾಗಿ ಕೂಡುತ್ತಿದ್ದವು. ಹಿಂದಿನ ದಿನವೇ ಅವಕ್ಕೆ ಎಣ್ಣೆ ಸವರಿ ಒರೆಸಿ ಆಗಿರುತ್ತಿತ್ತು. ಅವ್ವ ವಿಭೂತಿ, ಕುಂಕುಮ, ಚೆಂಡುಹೂ ಏರಿಸುತ್ತಿದ್ದಳು. ಅಂದು ಯಾರೂ ಯಾವ ಹತ್ಯಾರವನ್ನೂ ಮುಟ್ಟುವಂತಿಲ್ಲ. ಆ ಹಲಗೆಯ ಮೇಲೆ ನಾನು ಎಂದೂ ಕಾಣದ ವಸ್ತು ಒಂದೇ: ಪಾಲಿಶ್ ಪೇಪರ್. ಮೂರನೆಯ ಇಯತ್ತೆಯಲ್ಲಿದ್ದಾಗ ಕೇಳಿದೆ, “ಅಪ್ಪಾ, ಪೇಪರ್ ಯಾಕ ಇಟ್ಟಿಲ್ಲ?”

“ಅದು ಸವದ ಹೋಗೂದಲೇ ತಮ್ಮಾ. ಸವದ ಹೋಗೂದನ್ನ ಯಾರ ಪೂಜಿ ಮಾಡ್ತಾರ?”

ಆ ಮಾತು ಅಂದಿಗೆ ನಗೆಯಲ್ಲಿ ಹೋಯಿತು. ಇಂದು ಅದನ್ನೇ ಹಿಡಿದು ನಿಮಗೆ ಪತ್ರ ಬರೆಯುತ್ತಿದ್ದೇನೆ.

ನಾನು ಬಡಿಗೇರನ ಮಗ. ಆದರೆ ಅಪ್ಪನ ಕಸುಬು ಹಿಡಿಯಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದೆ. ಹೀಗಾಗಿ ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಅಷ್ಟೇ ಅಲ್ಲ, ನಿಮ್ಮೆದುರು ಒಪ್ಪಿಕೊಳ್ಳಬೇಕಾದ ಒಂದು ತಪ್ಪೂ ನನ್ನ ಮೇಲಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಹೋದ ವರ್ಷ ಮನೆಗೆ ನಾಲ್ಕು ಬಾಗಿಲು ಮಾಡಿಸಬೇಕಾಗಿತ್ತು. ಪರಿಚಯದ ಮಿಸ್ತ್ರಿ ಬಂದು ಅಳತೆ ಹಿಡಿದು, ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಅಂದಾಜು ಬರೆದುಕೊಟ್ಟ. ಸಾಗವಾನಿ ಇಷ್ಟು ಘನ ಅಡಿ, ಬಿಜಾಗರಿ ಇಷ್ಟು ಜೋಡಿ, ಚಿಲಕ, ಕೀಲಿ, ಮೊಳೆ, ಅಂಟು, ಕೂಲಿ. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪೇಪರ್ ಹೊಡೆಯೂದು’ ಎಂದಿತ್ತು. ನಾನು ಪೆನ್ನು ತೆಗೆದು ಅದೊಂದು ಸಾಲಿನ ಮೇಲೆ ಗೆರೆ ಎಳೆದೆ. “ಇದಕ್ಕ ಬ್ಯಾರೆ ರೊಕ್ಕ ಏನಪಾ ಮಿಸ್ತ್ರಿ? ಕೂಲಿಯೊಳಗ ಬಂತಲ್ಲ ಅದು.” ಅವನು ಒಂದು ಗಳಿಗೆ ನನ್ನ ಮುಖ ನೋಡಿ, “ಆತ್ರೀ ಸರ, ಬಿಡ್ರಿ” ಅಂದ.

ಕೆಲಸ ನಡೆದಾಗ ಹಿತ್ತಲಿಗೆ ಹೋದೆ. ಹತ್ತೊಂಬತ್ತು ವರ್ಷದ ಹುಡುಗ ಗ್ರೈಂಡರ್‌ಗೆ ಪೇಪರ್ ಡಿಸ್ಕ್ ಹಾಕಿಕೊಂಡು ಬಾಗಿಲ ಚೌಕಟ್ಟು ತಿಕ್ಕುತ್ತಿದ್ದ. ಅವನ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆ ಎಲ್ಲ ಅರಿಶಿಣ ಬಳಿದಂತೆ ಹಳದಿ. ಬಾಯಿಗೆ ಒಂದು ಬಟ್ಟೆಯೂ ಇಲ್ಲ. “ಮಾಸ್ಕ್ ಹಾಕೊ ಅಂತ ಹುಡುಗಗ ಹೇಳಬಾರದನೋ?” ಎಂದು ಮಿಸ್ತ್ರಿಯನ್ನು ಕೇಳಿದೆ. ಅವನು ನಕ್ಕ. “ಸರ, ಅದನ್ನ ನೀವ ಅಂದಾಜಿನ್ಯಾಗ ಹೊಡದ ಹಾಕೀರಲ್ಲ.”

ಬಡಿಗೇರನ ಮಗನಾದ ನಾನೇ ಆ ಸಾಲು ಹೊಡೆದುಹಾಕಿದೆ ಎಂದ ಮೇಲೆ, ಬೇರೆ ಗಿರಾಕಿಗಳನ್ನು ಏನೆಂದು ದೂರಲಿ? ನಿಮ್ಮ ಉಜ್ಜುವ ಕೆಲಸಕ್ಕೆ ಅಂದಾಜಿನಲ್ಲಿ ಸಾಲಿಲ್ಲ. ಸಾಲಿಲ್ಲ ಅಂದ ಮೇಲೆ ಅದಕ್ಕೆ ದುಡ್ಡಿಲ್ಲ, ದುಡ್ಡಿಲ್ಲದಿದ್ದರೆ ಹೊಸ ಪೇಪರೂ ಇಲ್ಲ, ಧೂಳಿನ ಚೀಲವೂ ಇಲ್ಲ, ಮಾಸ್ಕೂ ಇಲ್ಲ. ಉಳಿದ ಲೆಕ್ಕವನ್ನು ನಿಮ್ಮ ಎದೆಗೂಡು ಸಲ್ಲಿಸುತ್ತಿದೆ. ನಾನು ಹೇಳಬೇಕಾದದ್ದು ಇಷ್ಟೇ. ಮುಂದಿನದೆಲ್ಲ ಇದರ ವಿವರ.

ಆ ಸಾಲಿಗೆ ದುಡ್ಡು ಯಾಕೆ ಕೊಡಬೇಕು ಎಂಬುದು ಗಿರಾಕಿಗೆ ತಿಳಿಯಲಿ ಎಂದು, ನಿಮಗೆ ಗೊತ್ತಿದ್ದದ್ದನ್ನೇ ನಾಲ್ಕು ಮಾತು ಬರೆಯುತ್ತೇನೆ. ರಂದಾ ಹೊಡೆದ ಹಲಗೆ ಕಣ್ಣಿಗೆ ನುಣ್ಣಗೆ ಕಂಡರೂ ಅಂಗೈಗೆ ಹಾಗಲ್ಲ. ಅದಕ್ಕೆ ಮೊದಲು 80ರ ಪೇಪರ್, ಆಮೇಲೆ 120, ಆಮೇಲೆ 180, ಕೊನೆಗೆ 220. ನಂಬರು ಏರಿದಷ್ಟೂ ಹರಳು ಸಣ್ಣ. ಇದು ಜರಡಿಯ ಲೆಕ್ಕ: ಒಂದು ಇಂಚಿನಲ್ಲಿ ಎಷ್ಟು ಕಣ್ಣಿನ ಜರಡಿಯಿಂದ ಹರಳು ಇಳಿಯಿತೋ ಆ ಲೆಕ್ಕದ ಮೇಲೆ ಹುಟ್ಟಿದ ನಂಬರು. ಗೋಧಿ ನುಚ್ಚಿಗೆ ಒಂದು ಜರಡಿ, ರವೆಗೆ ಒಂದು, ಹಿಟ್ಟಿಗೆ ಒಂದು ಇಟ್ಟುಕೊಂಡ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರತಿ ಪೇಪರೂ ಮರದ ಮೇಲೆ ತನ್ನ ಹರಳಿನ ಆಳಕ್ಕೆ ತಕ್ಕ ಗೀರು ಬಿಡುತ್ತದೆ. ಮುಂದಿನ ನಂಬರಿನ ಕೆಲಸ ಆ ಗೀರನ್ನು ಅಳಿಸಿ ತನ್ನ ಸಣ್ಣ ಗೀರನ್ನು ಬಿಡುವುದು. 80ರಿಂದ ನೇರ 220ಕ್ಕೆ ಹಾರಿದರೆ ದೊಡ್ಡ ಗೀರು ಹಾಗೇ ಉಳಿಯುತ್ತದೆ. ಒಣ ಮರದಲ್ಲಿ ಅದು ಕಾಣುವುದಿಲ್ಲ, ಪಾಲಿಶ್ ಕುಡಿದ ಮೇಲೆ ಬೆಕ್ಕು ಪರಚಿದ ಹಾಗೆ ಎದ್ದು ಕಾಣುತ್ತದೆ. ಎಳೆಗುಂಟ ತಿಕ್ಕಬೇಕು, ಅಡ್ಡ ತಿಕ್ಕಬಾರದು. ಪೇಪರನ್ನು ಮೂರು ಮಡಿಕೆ ಮಾಡಿದರೆ ಹರಳಿಗೆ ಹರಳು ತಾಗದೆ ಬಹಳ ಹೊತ್ತು ಬಾಳುತ್ತದೆ. ಸಪಾಟು ಜಾಗಕ್ಕೆ ಮರದ ತುಂಡಿಗೆ ಸುತ್ತಿ ತಿಕ್ಕಬೇಕು, ಬೆರಳಿನಿಂದ ಒತ್ತಿದರೆ ಹಲಗೆ ತಗ್ಗು ಬೀಳುತ್ತದೆ. ಕೊನೆಯ ಪೇಪರಿಗೆ ಮುಂಚೆ ಹಸಿ ಅರಿವೆಯಿಂದ ಒಮ್ಮೆ ಒರೆಸಿ ಒಣಗಲು ಬಿಟ್ಟರೆ ಮಲಗಿದ ನಾರು ಎದ್ದು ನಿಲ್ಲುತ್ತದೆ, ಆಗ ಅದನ್ನು ಸವರಿ ತೆಗೆಯಬೇಕು. ಎಲ್ಲಿಯಾದರೂ ಬಿರುಕಿದ್ದರೆ ಅದೇ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುತ್ತೀರಿ. ಇಷ್ಟೆಲ್ಲ ಆದ ಮೇಲೆ ಗಿರಾಕಿ ಬಂದು ಬಾಗಿಲ ಮೇಲೆ ಅಂಗೈ ಆಡಿಸಿ, “ಕಟಗಿ ಭಾಳ ಚಲೋ ಐತಿ” ಅನ್ನುತ್ತಾನೆ. ಹೊಗಳಿಕೆ ಮರಕ್ಕೆ ಹೋಗುತ್ತದೆ. ಚಲೋ ಉಜ್ಜಿದ ಕೆಲಸದ ಹಣೆಬರಹವೇ ಇದು. ಕೆಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಚಲೋ ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

2019ರ ಆಗಸ್ಟ್ ನೆನಪಿದೆಯೇ? ಘಟಪ್ರಭೆ ಊರೊಳಗೆ ಬಂದು ಹೋದ ಮೇಲೆ ಹೊಳೆಸಾಲಿನ ಮನೆಗಳಲ್ಲಿ ಬಾಗಿಲುಗಳು ಉಬ್ಬಿ ಹಾಕಲೂ ಬಾರದು, ತೆಗೆಯಲೂ ಬಾರದು ಎಂಬ ಸ್ಥಿತಿ. ಅಂದು ಒಂದು ರಂದಾ, ನಾಲ್ಕು ಹಾಳೆ ಪೇಪರ್ ಚೀಲದಲ್ಲಿ ಹಾಕಿಕೊಂಡು ಮನೆಮನೆ ತಿರುಗಿದವರು ನೀವು. ಕೆಲವರ ಹತ್ತಿರ ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಅದನ್ನೂ ಯಾರೂ ಬರೆದಿಡಲಿಲ್ಲ.

ಉಜ್ಜುವ ವಿದ್ಯೆಯಲ್ಲಿ ನಮ್ಮ ಸೀಮೆ ನಿನ್ನೆ ಮೊನ್ನೆಯದಲ್ಲ. ಗೋಕಾಕದ ಬಗ್ಗೆ ಬ್ರಿಟಿಷರ ಕಾಲದ ಗೆಜೆಟಿಯರು ಕೊಡುವ ನಾಲ್ಕಾರು ಸಾಲಿನಲ್ಲೇ ಎರಡು ಕಸುಬುಗಳ ಹೆಸರಿದೆ: ಹಗುರ ಮರ ಮತ್ತು ಇಲ್ಲಿಯದೇ ಒಂದು ಬಗೆಯ ಮಣ್ಣಿನಿಂದ ಮಾಡಿದ ಗೊಂಬೆ-ಹಣ್ಣುಗಳು, ಮತ್ತು ಒರಟು ಕಾಗದ. ಕಾಗದದ ಕಸುಬು ಹೋಯಿತು. ಗೊಂಬೆ ಕೆಲವೇ ಮನೆಗಳಲ್ಲಿ ಉಸಿರು ಹಿಡಿದಿದೆ. ಗೋಕಾಕದ ಮರದ ಮಾವು, ಬಾಳೆ, ಬದನೆ ನೋಡಿದವರು ಮೂಸಿ ನೋಡಲು ಕೈ ಚಾಚುತ್ತಾರೆ. ಅದು ಬರೀ ಬಣ್ಣದ ಮಾಯೆ ಅಲ್ಲ. ಬಣ್ಣದ ಕೆಳಗಿನ ಮೈ ಒಂದು ಗೀರೂ ಇಲ್ಲದಂತೆ ನುಣುಪಾಗಿದ್ದರೆ ಮಾತ್ರ ಬದನೆಕಾಯಿಗೆ ಆ ಮಿಂಚು ಬರುತ್ತದೆ. ಗ್ರಾಮದೇವಿ ಜಾತ್ರೆಗೆ ಮುಂಚೆ ದೇವಿ ಬಣ್ಣಕ್ಕೆ ಕೂತಾಗ ನಡೆಯುವುದೂ ಇದೇ. ಹಳೆಯ ಬಣ್ಣ ಇಳಿದು, ಮೈ ನುಣುಪಾಗಿ, ಆಮೇಲೆ ಕಣ್ಣು ಬರೆಯುವ ಗಳಿಗೆ. ಜನ ನೋಡುವುದು ಆ ಕಣ್ಣನ್ನು.

ಕಾಗದ ಬರುವ ಮುಂಚೆ ಹಳಬರು ಗರಗತ್ತಿ ಎಲೆಯಿಂದ ತಿಕ್ಕುತ್ತಿದ್ದರು. ಬೆಕ್ಕಿನ ನಾಲಿಗೆಯಂಥ ಒರಟು ಎಲೆ ಅದು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಕೂತ ಆಟಿಕೆಗೆ ಕೊನೆಯ ಹೊಳಪು ಕೊಡಲು ಇಂದಿಗೂ ಒಣ ಗರಿಯನ್ನು ಒತ್ತಿ ಹಿಡಿಯುತ್ತಾರೆ. ಈಗ ನಿಮ್ಮ ಕೈಯಲ್ಲಿರುವ ಹಾಳೆಗೆ ‘ಉಸುಕಿನ ಕಾಗದ’ ಎಂಬ ಹೆಸರಿದ್ದರೂ ಅದರಲ್ಲಿ ಉಸುಕಿಲ್ಲ. ಕಂದು ಹಾಳೆಯಲ್ಲಿ ಇರುವುದು ಹೆಚ್ಚಾಗಿ ಅಲ್ಯುಮಿನಿಯಂ ಆಕ್ಸೈಡ್, ಕಪ್ಪು ವಾಟರ್ ಪೇಪರಿನಲ್ಲಿ ಸಿಲಿಕಾನ್ ಕಾರ್ಬೈಡ್. ಎರಡನೆಯದನ್ನು 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಮಣ್ಣು ಮತ್ತು ಕಲ್ಲಿದ್ದಲ ಕೋಕನ್ನು ವಿದ್ಯುತ್ತಿನಿಂದ ಕಾಸುವಾಗ ಕಂಡ. ಅದಕ್ಕೆ ಕಾರ್ಬೊರಂಡಮ್ ಎಂದು ಹೆಸರಿಟ್ಟ. ಮದ್ರಾಸಿನಲ್ಲಿ 1954ರಲ್ಲಿ ಆ ಹೆಸರಿನದೇ ಕಂಪನಿ ಹುಟ್ಟಿದ ಮೇಲೆ ಅದು ನಮ್ಮ ಕಿರಾಣಿ-ಹಾರ್ಡ್‌ವೇರ್ ಅಂಗಡಿಯ ಮೊಳೆಗೂ ತೂಗುಬಿತ್ತು.

ಈ ಅಚೆಸನ್ ಹೆಸರನ್ನು ನೆನಪಿಡಿ. 77 ವರ್ಷದ ಮೇಲೆ ಅದೇ ಅಡ್ಡಹೆಸರಿನ ಇನ್ನೊಬ್ಬ ನಿಮ್ಮ ಕಥೆಯೊಳಗೆ ಬರುತ್ತಾನೆ.

ಅದಕ್ಕೆ ಮೊದಲು ಯಂತ್ರದ ಮಾತು. ಕಳೆದ ಕೆಲವು ವರ್ಷಗಳಲ್ಲಿ ನಿಮ್ಮ ಅಂಗಡಿಗಳ ಸದ್ದೇ ಬದಲಾಗಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವಿದೆ, ಕಲ್ಲುಕೆಲಸವಿದೆ, ಗೊಂಬೆ ಮಾಡುವುದೂ ಇದೆ. ಹತ್ಯಾರಕ್ಕೆಂದು 15,000 ರೂಪಾಯಿವರೆಗೆ ಸಿಗುತ್ತದೆ, ತರಬೇತಿಯ ಅವಧಿಗೆ ದಿನಕ್ಕೆ 500 ರೂಪಾಯಿ ಭತ್ಯೆ ಇದೆ, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲವಿದೆ. ಹೀಗೆ ಬಂದದ್ದೋ, ಸ್ವಂತ ದುಡ್ಡಿನಲ್ಲಿ ತಂದದ್ದೋ, ಅಂತೂ ಸ್ಯಾಂಡರ್, ಗ್ರೈಂಡರ್ ಇಲ್ಲದ ಅಂಗಡಿ ಈಗ ಅಪರೂಪ. ಒಳ್ಳೆಯದೇ ಆಯಿತು. ಅಪ್ಪ ಇಡೀ ದಿನ ತಿಕ್ಕಿ ರಾತ್ರಿ ಭುಜಕ್ಕೆ ಬಿಸಿ ಉಪ್ಪಿನ ಗಂಟು ಇಡಿಸಿಕೊಳ್ಳುತ್ತಿದ್ದ. ಅದೇ ಕೆಲಸ ಈಗ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ. ಯಂತ್ರ ಬೇಡ ಎನ್ನುವವನು ನಾನಲ್ಲ.

ಆದರೆ ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಕೈಯಿಂದ ತಿಕ್ಕಿದರೆ ಪುಡಿ ಕಾಲ ಮೇಲೆ ಬೀಳುತ್ತಿತ್ತು, ಈಗ ಮುಖದ ಮಟ್ಟದಲ್ಲಿ ತೇಲುತ್ತದೆ. ಸ್ಯಾಂಡರ್ ಜೊತೆ ಡಬ್ಬಿಯಲ್ಲಿ ಒಂದು ಚೀಲ ಬಂದಿರುತ್ತದೆ, ಧೂಳು ಹಿಡಿಯುವ ಚೀಲ. ನಾನು ಹೋದ ಅಂಗಡಿಗಳಲ್ಲಿ ಆ ಚೀಲದೊಳಗೆ ಸ್ಕ್ರೂ ಹಾಕಿಟ್ಟದ್ದನ್ನು ನೋಡಿದ್ದೇನೆ, ಅಡಿಕೆ ಹಾಕಿಟ್ಟದ್ದನ್ನೂ ನೋಡಿದ್ದೇನೆ. ಯಂತ್ರಕ್ಕೆ ಕಟ್ಟಿದ್ದು ನೋಡಿದ್ದು ಕಡಿಮೆ. “ಕಟ್ಟಿದ್ರ ಕೈಗೆ ಭಾರ ಆಕ್ಕೈತ್ರಿ, ಮ್ಯಾಲಿಂದ ಮ್ಯಾಲೆ ತುಂಬ್ತೈತಿ, ಝಾಡಸಾಕ ಟೈಮ್ ಎಲ್ಲೈತಿ?” ಅನ್ನುತ್ತೀರಿ. ಒಂದು ಮಾತು ಕೇಳುತ್ತೇನೆ: ಮೇಲಿಂದ ಮೇಲೆ ತುಂಬುವ ಅಷ್ಟು ಪುಡಿ, ಚೀಲ ಕಟ್ಟದ ದಿನ ಎಲ್ಲಿಗೆ ಹೋಯಿತು?

ಕಣ್ಣಿಗೆ ಕಾಣುವ ಪುಡಿ ಎದೆಗೆ ಇಳಿಯುವುದು ಕಡಿಮೆ. ಅದು ಹೆಚ್ಚಾಗಿ ಮೂಗಿನಲ್ಲೇ ನಿಲ್ಲುತ್ತದೆ, ಸೀನಿದರೆ ಸ್ವಲ್ಪ ಹೊರಗೆ ಬರುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ಸಣ್ಣ ಕಣ ಗಂಟಲು ದಾಟುತ್ತದೆ, 5ಕ್ಕಿಂತ ಸಣ್ಣದು ಶ್ವಾಸಕೋಶದ ತಳದ ಗುಳ್ಳೆಗಳವರೆಗೆ ಇಳಿಯುತ್ತದೆ. ಕೋಣೆ ತಿಳಿಯಾಗಿದೆ ಎಂದು ನಿಮಗೆ ಅನಿಸಿದ ಮೇಲೂ ಅದು ತಾಸುಗಟ್ಟಲೆ ಗಾಳಿಯಲ್ಲಿರುತ್ತದೆ. ಮುಖಕ್ಕೆ ಸುತ್ತಿದ ಟವೆಲ್ಲು ಈ ಕಣವನ್ನು ತಡೆಯಲಾರದು. ಬದನೆಕಾಯಿ ಹಿಡಿಯುವ ಬಲೆಯಲ್ಲಿ ಸಾಸಿವೆ ಹಿಡಿದಂತೆ ಅದು.

ಈಗ ಎರಡನೆಯ ಅಚೆಸನ್. ಇಂಗ್ಲೆಂಡಿನ ಹೈ ವೈಕಂಬ್ ಎಂಬ ಊರು ಕುರ್ಚಿ-ಮೇಜಿಗೆ ಹೆಸರಾದದ್ದು. ಅಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರು ಎಸ್ಮೆ ಹ್ಯಾಡ್‌ಫೀಲ್ಡ್ ಎಂಬ ಹೆಣ್ಣುಮಗಳಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ತೀರ ಅಪರೂಪದ ಒಂದು ಬಗೆಯ ಮೂಗಿನ ಕ್ಯಾನ್ಸರು ಹಿಡಿದು ಬರುವವರಲ್ಲಿ ಮತ್ತೆ ಮತ್ತೆ ಫರ್ನಿಚರ್ ಕೆಲಸದವರೇ ಇದ್ದರು. ಡೊನಾಲ್ಡ್ ಅಚೆಸನ್ ಮತ್ತು ಜೊತೆಗಾರರು ಲೆಕ್ಕ ಹಾಕಿ 1968ರಲ್ಲಿ ಅದನ್ನು ಪ್ರಕಟಿಸಿದರು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೆದರಿಸಲು ಬರೆಯುತ್ತಿಲ್ಲ. ಆ ರೋಗ ಇಂದಿಗೂ ಅಪರೂಪವೇ. ನಿಮ್ಮಲ್ಲಿ ಹೆಚ್ಚಿನವರಿಗೆ ಬರುವುದು ಮೂಗು ಕಟ್ಟುವುದು, ದಮ್ಮು, ಬಿಡದ ಕೆಮ್ಮು, ಸಾಗವಾನಿ-ಬೀಟೆಯ ಪುಡಿಗೆ ಮೈ ತುರಿಸುವುದು. ಒಬ್ಬ ಅಚೆಸನ್ ಉಜ್ಜುವ ಹರಳು ಕೊಟ್ಟ, ಇನ್ನೊಬ್ಬ ಉಜ್ಜಿದಾಗ ಏಳುವ ಧೂಳಿನ ಲೆಕ್ಕ ಕೊಟ್ಟ. ಮೊದಲನೆಯದು ನಮ್ಮ ಪೇಟೆಗೆ ಬಂದು ಮುಟ್ಟಿತು, ಎರಡನೆಯದು ಇನ್ನೂ ದಾರಿಯಲ್ಲಿದೆ.

ಕಲ್ಲು, ಗ್ರಾನೈಟ್, ಟೈಲ್ಸ್ ಕೊರೆದು ತಿಕ್ಕುವವರಿಗೆ ಇದಕ್ಕಿಂತ ಗಟ್ಟಿ ಮಾತು ಹೇಳಬೇಕು. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದೊಳಗೆ ಹೋದರೆ ಅಲ್ಲಿಯ ಮೈ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಅದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಒಮ್ಮೆ ಬಂದರೆ ಹಿಂದಕ್ಕೆ ಹೋಗುವುದಿಲ್ಲ. ಇದು ನಮ್ಮ ನಾಡಿನ ಹಳೆಯ ಗಾಯ. ಭಾರತದಲ್ಲಿ ಈ ರೋಗ ಮೊದಲು ದಾಖಲಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ. 1940ರಿಂದ 1946ರವರೆಗೆ ಅಲ್ಲಿ 7,653 ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇ. 43.7ರಷ್ಟು ಜನರಲ್ಲಿ ಅದು ಕಂಡಿತು. ಅವರು ಚಿನ್ನ ತೆಗೆದರು, ನೀವು ಅಡುಗೆಮನೆಯ ಕಟ್ಟೆ ಹಾಸುತ್ತೀರಿ. ಧೂಳಿಗೆ ಆ ಭೇದ ಗೊತ್ತಿಲ್ಲ.

ಪೇಂಟರ್‌ಗಳಿಗೆ ಬೇರೆಯೇ ಒಂದು ಎಚ್ಚರಿಕೆ. ದೀಪಾವಳಿ ಬಂತು, ಮದುವೆ ಬಂತು ಎಂದರೆ ಹಳೆಯ ವಾಡೆಯ ಬಾಗಿಲು-ಕಿಟಕಿಗಳ ಬಣ್ಣ ಕೆರೆದು ತೆಗೆಯುತ್ತೀರಿ. ಆ ಬಣ್ಣ ಯಾವ ಕಾಲದ್ದು? ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡುವುದು ಲೇಸು. ಸೀಸದ ಪುಡಿ ಸಣ್ಣ ಮಕ್ಕಳ ಮಿದುಳಿಗೆ, ಬಸುರಿ ಹೆಣ್ಣುಮಕ್ಕಳಿಗೆ ಬಹಳ ಕೆಟ್ಟದ್ದು. ಆ ಹೊತ್ತಿನಲ್ಲಿ ಮಕ್ಕಳನ್ನು ಪಡಸಾಲೆಯಿಂದ ಆಚೆ ಕಳಿಸಲು ಮನೆಯವರಿಗೆ ಹೇಳುವುದು ನಿಮ್ಮ ಕೆಲಸದ ಭಾಗ ಎಂದುಕೊಳ್ಳಿ. ಆ ಬಾಗಿಲಿಗೆ ಒಣ ಯಂತ್ರ ಹಚ್ಚಬೇಡಿ. ವಾಟರ್ ಪೇಪರ್ ತಂದು ನೀರು ಹಾಕಿ ಕೈಯಿಂದ ತಿಕ್ಕಿ.

ನೀರಿನಲ್ಲಿ ತಿಕ್ಕುವ ಕಾಗದ ಬಂದ ಕಥೆಯೂ ಧೂಳಿನದೇ. 1921ರಲ್ಲಿ ಅಮೆರಿಕದಲ್ಲಿ ಅದನ್ನು ಪೇಟೆಗೆ ಬಿಟ್ಟಾಗ ಮೊದಲು ಕೈಚಾಚಿದ್ದು ಮೋಟಾರು ಗಾಡಿಗೆ ಬಣ್ಣ ಬಳಿಯುವ ಕಾರಖಾನೆಗಳು. ಒಣದಾಗಿ ತಿಕ್ಕಿದರೆ ಏಳುತ್ತಿದ್ದ ಧೂಳು ನೀರು ಹಾಕಿದರೆ ಏಳಲಿಲ್ಲ. ನಮಗೆ ಇದನ್ನು ಕಲಿಯಲು ಅಮೆರಿಕದವರೆಗೆ ಹೋಗಬೇಕಿಲ್ಲ. ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಎತ್ತರದ ಮರಳುಗಲ್ಲಿನ ಅಂಚಿಗೆ ಬೇಸಿಗೆಯಲ್ಲಿ ಹೋಗಿ ನೋಡಿ. ಆ ಗಟ್ಟಿ ಬಂಡೆಯಲ್ಲಿ ಒರಳಿನಂಥ ನುಣ್ಣನೆಯ ಗುಂಡಿಗಳನ್ನು ಹೊಳೆ ಕೊರೆದಿದೆ, ತನ್ನ ಉಸುಕು-ಹರಳುಗಳಿಂದಲೇ. ಎಷ್ಟು ಕಾಲದಿಂದ ಉಜ್ಜುತ್ತಿದ್ದಾಳೋ ಘಟಪ್ರಭೆ, ಒಂದು ಚಿಟಿಕೆ ಧೂಳು ಎಬ್ಬಿಸಿಲ್ಲ. ಬರೀ ಮರಕ್ಕೆ ನೀರು ಒಗ್ಗುವುದಿಲ್ಲ ನಿಜ. ಹಳೆ ಬಣ್ಣ, ಲೋಹದ ಮೇಲಿನ ಪ್ರೈಮರ್, ಗಾಡಿಯ ಪುಟ್ಟಿ, ಗ್ರಾನೈಟ್ ಅಂಚು, ಇವಕ್ಕೆ ಒಗ್ಗುತ್ತದೆ. ಒಂದು ಮಾತು ಮರೆಯಬೇಡಿ: ಸಾದಾ ಕರೆಂಟಿನ ಗ್ರೈಂಡರ್‌ಗೆ ನೀರು ಸುರಿದರೆ ಧೂಳಿನಿಂದ ಉಳಿದವನು ಶಾಕಿನಿಂದ ಹೋಗುತ್ತಾನೆ. ನೀರು ಹಾಕಲೆಂದೇ ಮಾಡಿದ ಯಂತ್ರವಿದ್ದರೆ ಸರಿ, ಇಲ್ಲದಿದ್ದರೆ ಕೈಯಿಂದ.

ಇನ್ನು ನನ್ನ ಮನಸ್ಸಿಗೆ ಬಹಳ ಹತ್ತಿದ ವಿಷಯ. ಅಂಗಡಿಗೆ ಹೊಸದಾಗಿ ಬಂದ ಹುಡುಗನ ಕೈಗೆ ಮೊದಲು ಏನು ಕೊಡುತ್ತೀರಿ? ಉಳಿ ಕೊಟ್ಟರೆ ಮರ ಕೆಡಿಸುತ್ತಾನೆ, ಕರಗಸ ಕೊಟ್ಟರೆ ಬೆರಳು ಕೊಯ್ದುಕೊಳ್ಳುತ್ತಾನೆ. ಹಾಗಾಗಿ ಪೇಪರ್ ಕೊಡುತ್ತೀರಿ. “ತಿಕ್ಕು, ಕೈ ಪಳಗಲಿ.” ಇದು ಹಿಂದಿನಿಂದ ಬಂದ ರೂಢಿ, ಅಪ್ಪನೂ ಹೀಗೇ ಕಲಿತ. ಆದರೆ ಕೈ ಪೇಪರಿನ ಕಾಲದ ರೂಢಿಯನ್ನು ಗ್ರೈಂಡರ್ ಕಾಲಕ್ಕೆ ತಂದರೆ ಏನಾಗುತ್ತದೆ? ಅಂಗಡಿಯಲ್ಲಿ ಎಲ್ಲರಿಗಿಂತ ಎಳೆಯ ಎದೆಗೆ ಎಲ್ಲರಿಗಿಂತ ಹೆಚ್ಚು ಧೂಳು. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೇ ಅಪರಾಧ, 14ರಿಂದ 18ರವರೆಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಕಾನೂನಿನ ಮಾತು ಒತ್ತಟ್ಟಿಗಿರಲಿ. ಶಾಲೆ ಬಿಟ್ಟು ನಿಮ್ಮ ಹತ್ತಿರ ಬಂದ ಹುಡುಗರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದಾರೆ. ನನ್ನ ಹಾಜರಿ ಪುಸ್ತಕದಿಂದ ಹೋದವರು ನಿಮ್ಮ ಮಸ್ಟರಿಗೆ ಬಂದಿದ್ದಾರೆ. ಅವರ ಮೇಲೆ ಕಣ್ಣಿಡಿ.

ಅಪ್ಪ ಬೀಡಿ ಸೇದಿದವನಲ್ಲ. ಎಲೆ-ಅಡಿಕೆಯ ಚಟವೂ ಇರಲಿಲ್ಲ. ಐವತ್ತು ದಾಟಿದ ಮೇಲೆ ಬೆಳಗಿನ ಜಾವ ಅವನ ಕೆಮ್ಮಿನಿಂದಲೇ ನಾವು ಏಳುತ್ತಿದ್ದೆವು. ತೋರಿಸಿದ ಡಾಕ್ಟರರೆಲ್ಲ ಕೇಳಿದ್ದು ಒಂದೇ, “ಬೀಡಿ ಸೇದತೀರೇನು?” ಇಲ್ಲ ಅಂದರೆ ಟಿಬಿಯ ಗುಳಿಗೆ. ಏನು ಕೆಲಸ ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲ. ಇಟಲಿಯ ರಾಮಝಿನಿ ಎಂಬ ವೈದ್ಯ 1700ರಲ್ಲೇ ಕಸುಬುಗಳ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದು, ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ಇನ್ನೊಂದು ಸೇರಿಸಿ, ಅವನ ಕಸುಬು ಏನೆಂದು ಕೇಳಿ ಎಂದು ಹೇಳಿದ್ದ. ಮುನ್ನೂರು ವರ್ಷವಾಯಿತು. ಅವರು ಕೇಳಲಿಕ್ಕಿಲ್ಲ. ನೀವೇ ಹೇಳಿ: “ಡಾಕ್ಟರ್, ನಾ ಬಡಿಗೇರ, ಇಪ್ಪತ್ತ ವರ್ಷದಿಂದ ಧೂಳಿನ್ಯಾಗ ಅದೀನಿ.” ಆ ಒಂದು ಮಾತಿನಿಂದ ಔಷಧದ ದಾರಿಯೇ ಬದಲಾಗಬಹುದು.

ಮಾಡಬೇಕಾದದ್ದು ಪರ್ವತ ಎತ್ತುವ ಕೆಲಸವಲ್ಲ. ಡಬ್ಬಿಯಲ್ಲಿ ಬಂದ ಚೀಲವನ್ನು ಯಂತ್ರಕ್ಕೆ ಕಟ್ಟಿ, ಅರ್ಧ ತುಂಬುತ್ತಲೇ ಹೊರಗೆ ಝಾಡಿಸಿ. ತಿಕ್ಕುವ ಕೆಲಸವನ್ನು ಬಯಲಿಗೆ ತಂದು ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಹೊಲದಲ್ಲಿ ಜೋಳ ತೂರುವವರು ನಿಲ್ಲುವಂತೆ. ಎನ್95 ಅಥವಾ ಎಫ್‌ಎಫ್‌ಪಿ2 ಎಂದು ಬರೆದ ಮಾಸ್ಕ್ ತನ್ನಿ, ಎರಡು-ಮೂರು ಪ್ಲೇಟು ಮಿರ್ಚಿ-ಭಜಿಯ ದುಡ್ಡು. ಕೊರೊನಾ ಕಾಲದಲ್ಲಿ ಅದನ್ನು ಹಾಕಲು ಎಲ್ಲರೂ ಕಲಿತಿದ್ದೀರಿ. ಮೂಗಿನ ಮೇಲಿನ ಪಟ್ಟಿ ಒತ್ತದೆ ಹಾಕಿದರೆ ಗಾಳಿ ಬದಿಯಿಂದಲೇ ನುಗ್ಗುತ್ತದೆ. ಗ್ರೈಂಡರಿನ ಗಾರ್ಡ್ ಬಿಚ್ಚಿಡಬೇಡಿ. ಸಂಜೆ ಕಂಪ್ರೆಸರ್ ಗಾಳಿ ಹೊಡೆದು ಮೈ ಝಾಡಿಸಿಕೊಳ್ಳುವ ರೂಢಿ ಬಿಡಿ. ಕೆಳಗೆ ಬಿದ್ದ ಧೂಳನ್ನು ಮತ್ತೆ ಎಬ್ಬಿಸಿ ಮೂಗಿಗೆ ಕೊಟ್ಟಂತೆ ಅದು. ಅಂಗಿ ಅಂಗಡಿಯಲ್ಲೇ ಬದಲಿಸಿ ಮನೆಗೆ ಹೋಗಿ. ಬಾಗಿಲಲ್ಲೇ ಓಡಿಬಂದು ತೊಡೆಗೆ ಅಪ್ಪಿಕೊಳ್ಳುವ ಮಗುವಿನ ಮುಖ ನಿಮ್ಮ ಪ್ಯಾಂಟಿನ ಧೂಳಿನ ಎತ್ತರಕ್ಕೇ ಇರುತ್ತದೆ.

ಧೂಳು ಎಳೆಯುವ ದೊಡ್ಡ ಯಂತ್ರ ಒಬ್ಬೊಬ್ಬರಿಗೆ ದುಬಾರಿ. ಆದರೆ ಒಂದೇ ಸಾಲಿನ ನಾಲ್ಕು ಅಂಗಡಿಯವರು ಕೂಡಿ ಒಂದು ಕೊಳ್ಳಲಾಗದೆ? ಹುಕ್ಕೇರಿಯವರಿಗೆ ಇದನ್ನು ಹೇಳಬೇಕಿಲ್ಲ. ರೈತರು, ಊರವರು ಸದಸ್ಯರಾಗಿ 1969ರಲ್ಲಿ ಕಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಕರೆಂಟಿನಿಂದಲೇ ನಿಮ್ಮ ಸ್ಯಾಂಡರ್ ತಿರುಗುತ್ತಿದೆ. ಕೂಡಿ ಕರೆಂಟ್ ತಂದ ತಾಲೂಕಿಗೆ ಕೂಡಿ ಧೂಳು ಹಿಡಿಯುವುದು ಕಷ್ಟವಲ್ಲ. 1887ರಲ್ಲೇ ನೀರಿನ ಬಲದಿಂದ ಗಿರಣಿ ತಿರುಗಿಸಿದ ಗೋಕಾಕಕ್ಕೂ, ಗೋಕಾಕದಿಂದ ಬೇರೆಯಾಗಿ ತನ್ನ ಕಾಲ ಮೇಲೆ ನಿಂತ ಮೂಡಲಗಿಗೂ ಕಷ್ಟವಲ್ಲ.

ಮನೆ ಕಟ್ಟುವ ಜಾಗದಲ್ಲಿ ದುಡಿಯುವ ಬಡಿಗ, ಪೇಂಟರ್, ಟೈಲ್ಸ್‌ನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿಕೊಳ್ಳಿ. 18ರಿಂದ 60ರೊಳಗಿನ ವಯಸ್ಸು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನದ ಕೆಲಸ, ಇಷ್ಟಿದ್ದರೆ ಅದು ನಿಮ್ಮ ಹಕ್ಕು. ಸಿಲಿಕೋಸಿಸ್‌ನಂಥ ಧೂಳಿನ ರೋಗಗಳು ಪರಿಹಾರ ಕೊಡಬೇಕಾದ ಕಸುಬಿನ ಕಾಯಿಲೆಗಳ ಪಟ್ಟಿಯಲ್ಲಿವೆ ಎಂಬುದೂ ನೆನಪಿರಲಿ.

ಕೊನೆಗೆ ಮತ್ತೆ ಆ ಸಾಲಿಗೆ ಬರುತ್ತೇನೆ. ಮೇಲೆ ಬರೆದದ್ದೆಲ್ಲ ಮಾಡಲು ಸ್ವಲ್ಪ ದುಡ್ಡು, ಸ್ವಲ್ಪ ಹೊತ್ತು ಬೇಕು. ಅದನ್ನು ನಿಮ್ಮ ಕೂಲಿಯಿಂದ ತೆಗೆಯಬೇಡಿ. ಅಂದಾಜಿನಲ್ಲಿ ಬರೆಯಿರಿ. ಮರಕ್ಕೆ ಬೆಲೆ ಬರೆಯುವಾಗ ಕೈ ನಡುಗದವರು ಇದನ್ನು ಬರೆಯುವಾಗ ಯಾಕೆ ಸಣ್ಣ ಅಕ್ಷರ ಮಾಡುತ್ತೀರಿ? ಒಬ್ಬರು ಬರೆದು ಇನ್ನೊಬ್ಬರು ಬಿಟ್ಟರೆ ಗಿರಾಕಿ ಬಿಟ್ಟವನ ಹತ್ತಿರ ಹೋಗುತ್ತಾನೆ. ಆದ್ದರಿಂದ ಮೂರೂ ತಾಲೂಕಿನವರು ಮಾತಾಡಿಕೊಂಡು ಎಲ್ಲರೂ ಬರೆಯಿರಿ.

ನನ್ನ ನಾಲ್ಕು ಬಾಗಿಲಿಗೆ ಹೊಡೆದುಹಾಕಿದ್ದ ದುಡ್ಡನ್ನು ಆಮೇಲೆ ಕೊಟ್ಟೆ. ಮೊನ್ನೆ ಅದೇ ಮಿಸ್ತ್ರಿ ಅಡುಗೆಮನೆಯ ಕಪಾಟಿಗೆ ಅಂದಾಜು ತಂದಿದ್ದ, ಮತ್ತೆ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ. ಕೂಲಿಯ ಕೆಳಗೆ, ಉಳಿದ ಸಾಲುಗಳಷ್ಟೇ ದಪ್ಪ ಅಕ್ಷರದಲ್ಲಿ, ‘ಉಜ್ಜೂದು – ಪೇಪರ್, ಚೀಲ, ಮಾಸ್ಕ್ ಸೇರಿ’ ಎಂದು ಬರೆದು ಮುಂದೆ ಒಂದು ಸಂಖ್ಯೆ ಹಾಕಿದ್ದ. ಹಾಕಿ, ನನ್ನ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತ ಕೂತ. ನಾನು ಅದರ ಮುಚ್ಚಳ ಹಾಕಿ ಜೇಬಿಗಿಟ್ಟೆ.

ನಿಮ್ಮ ಮುಂದಿನ ಗಿರಾಕಿ ಜೇಬಿಗಿಡಲಿಕ್ಕಿಲ್ಲ, ಗೆರೆ ಎಳೆಯಲು ನೋಡುತ್ತಾನೆ. ಆಗ ಈ ಪತ್ರವನ್ನು ಅವನ ಮುಂದೆ ಇಡಿ. ಬಡಿಗೇರನ ಮಗನೊಬ್ಬ ಮೊದಲು ಹೀಗೇ ಮಾಡಿ ನಾಚಿಕೊಂಡಿದ್ದಾನೆ ಎಂದು ಹೇಳಿ.

ನಿಮ್ಮವನೇ,
ಘಟಪ್ರಭೆಯ ದಂಡೆಯ ಒಬ್ಬ ನಿವೃತ್ತ ಮಾಸ್ತರ